ತಾಯಿಯಿಲ್ಲದ ಮರಿಗಳು
ಜಮಖಂಡಿಯ ಸಮೀಪದ ಸಾವಳಗಿಯಲ್ಲಿ ಒಬ್ಬರು ಹಿತ್ತಲಲ್ಲಿ ಸಾಕಲು ಹತ್ತು ಕೋಳಿಮರಿ ತಂದರೆನ್ನೋಣ. ಜವಾರಿ ಹೇಂಟೆಯು 21 ದಿನ ಕಾವು ಕೊಟ್ಟು ಮರಿಮಾಡಿದ ಮೇಲೂ ಅವನ್ನು ರೆಕ್ಕೆಯಡಿ ಬೆಚ್ಚಗಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜದಂಥ ತಳಿಯ ಮರಿಗಳಾದರೋ ಯಂತ್ರದ ಕಾವಿನಲ್ಲಿ ಹುಟ್ಟಿದವು. ಅವುಗಳ ತಾಯ್ತನವನ್ನು ಸಾಕುವವರೇ ವಹಿಸಬೇಕು.

ಎಳೆಯ ಮರಿಯ ಮೈಮೇಲಿರುವುದು ಬರಿಯ ತುಪ್ಪುಳ. ತನ್ನ ಶಾಖವನ್ನು ಅದು ತಾನೇ ಕಾಯ್ದುಕೊಳ್ಳಲಾರದು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಬಳಿಕ ವಾರಕ್ಕೆ 3 ಡಿಗ್ರಿಯಂತೆ ತಗ್ಗಿಸಬಹುದು. ಈ ಊರ ಬೇಸಿಗೆಯ ಹಗಲಿನಲ್ಲಿ ಸೂರ್ಯನೇ ಅದನ್ನು ಒದಗಿಸುವನು. ಮಾಗಿಯ ರಾತ್ರಿಗೆ ತಂತಿಯ ಹಳೆಯ ಬಗೆಯ ವಿದ್ಯುದ್ದೀಪ ಬೇಕು. ಎಲ್‌ಇಡಿ ದೀಪ ಬೆಳಕನ್ನು ಕೊಡುವುದೇ ಹೊರತು ಸಾಕಷ್ಟು ಶಾಖವನ್ನು ಕೊಡದು. ಉಷ್ಣಮಾಪಕವಿಲ್ಲವೆ? ಮರಿಗಳನ್ನೇ ನೋಡಿರಿ. ದೀಪದಡಿ ಒತ್ತಾಗಿ ಗುಂಪುಗೂಡಿದರೆ ಚಳಿ. ದೂರ ಸರಿದು ಬಾಯ್ದೆರೆದು ಏದಿದರೆ ಸೆಕೆ. ಎಲ್ಲೆಡೆ ಹರಡಿ ಕಾಳು ಹೆಕ್ಕುತ್ತಿದ್ದರೆ ಹಿತ.

ತಾಯಿಹೇಂಟೆಯೂ ತಡೆಯಲಾರದ ಆಪತ್ತು ಒಂದುಂಟು: ರಾಣಿಖೇತ ರೋಗ. ವೈರಸ್ಸಿನಿಂದ ಬರುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಕೆಲವೇ ದಿನಗಳಲ್ಲಿ ಹಿತ್ತಲನ್ನು ಬರಿದುಮಾಡಬಲ್ಲದು. ಆದುದರಿಂದ ಮೊದಲ ವಾರದಲ್ಲಿಯೇ ಮರಿಗಳಿಗೆ ಲಸಿಕೆಯ ಹನಿ ಹಾಕಿಸಿ, ಮುಂದಿನ ಲಸಿಕೆಗಳ ದಿನಗಳನ್ನು ಪಶುವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು. ಬೆಚ್ಚನೆಯ ಗೂಡು, ವೇಳೆಗೆ ಸರಿಯಾದ ಲಸಿಕೆ, ಇವೆರಡೂ ಇದ್ದ ಮೇಲೆ ಉಳಿದುದನ್ನು ಕೋಳಿಯೇ ಕೆದಕಿ ಕಂಡುಕೊಳ್ಳುವುದು.