ಒಂದು ಹೆಸರು, ಇಬ್ಬರು ಬಾರ್ಬೋಸರು

ಒಂದು ವಸ್ತುವನ್ನು ಮತ್ತೊಂದರಿಂದ, ಒಬ್ಬ ವ್ಯಕ್ತಿಯನ್ನು ಮತ್ತೊಬ್ಬನಿಂದ ಬೇರ್ಪಡಿಸಿ ಗುರುತಿಸುವುದೇ ಹೆಸರಿನ ಪ್ರಯೋಜನ. ಆದರೆ ಜಗತ್ತಿನಲ್ಲಿ ಮನುಷ್ಯರ ಸಂಖ್ಯೆಗಿಂತ ಹೆಸರುಗಳ ಸಂಖ್ಯೆ ಎಷ್ಟೋ ಪಾಲು ಕಡಿಮೆ. ಆದುದರಿಂದ ಒಂದೇ ಹೆಸರನ್ನು ಹಲವರು ಹೊರುವುದು ಅನಿವಾರ್ಯ. ಅವರು ಬದುಕಿರುವಾಗ ಇದರಿಂದ ದೊಡ್ಡ ತೊಂದರೆಯಿಲ್ಲ. ಊರವರು ಅವರನ್ನು ಮುಖದಿಂದಲೇ ಬಲ್ಲರು. ಅವರು ಕಾಲವಾಗಿ, ಕಾಗದದ ಮೇಲೆ ಹೆಸರು ಮಾತ್ರ ಉಳಿದಾಗ ತೊಡಕು ಆರಂಭವಾಗುತ್ತದೆ. ಇಬ್ಬರ ಬಾಳು ಸೇರಿ ಒಂದಾಗಿ, ಎಂದೂ ಇಲ್ಲದಿದ್ದ ಮೂರನೆಯ ವ್ಯಕ್ತಿಯೊಬ್ಬನು ಗ್ರಂಥಗಳಲ್ಲಿ ಹುಟ್ಟಿಕೊಳ್ಳುವುದುಂಟು. ನಮ್ಮ ನಾಡಿನ ಚರಿತ್ರೆಗೂ ಸಂಬಂಧಿಸಿದ ಅಂತಹ ಒಂದು ಪ್ರಸಂಗವನ್ನು ಇಲ್ಲಿ ಪರಿಶೀಲಿಸೋಣ.

ಬಾರ್ಬೋಸನ ಗ್ರಂಥ

ವಿಜಯನಗರದ ಚರಿತ್ರೆಯನ್ನು ಓದಿದವರಿಗೆ ದುವಾರ್ತೆ ಬಾರ್ಬೋಸನ ಹೆಸರು ಅಪರಿಚಿತವಲ್ಲ. ಸುಮಾರು 1516ರಲ್ಲಿ ಪೂರ್ಣಗೊಂಡ ಅವನ ಗ್ರಂಥದಲ್ಲಿ ಆಫ್ರಿಕದ ಪೂರ್ವತೀರದಿಂದ ಹಿಡಿದು ಹಿಂದೂ ಮಹಾಸಾಗರದ ಅಂಚಿನ ಅನೇಕ ನಾಡುಗಳ ವರ್ಣನೆಯಿದೆ. ವಿಜಯನಗರದ ರಾಜ್ಯವನ್ನು ಅವನು ‘ನರಸಿಂಗ’ ಎಂದು ಕರೆಯುತ್ತಾನೆ. ರಾಜಧಾನಿಯ ವಿಶಾಲವಾದ ಬೀದಿಗಳನ್ನೂ ಅಲ್ಲಿ ನಡೆಯುವ ರತ್ನವ್ಯಾಪಾರವನ್ನೂ ಬಣ್ಣಿಸುತ್ತಾನೆ. ಯಾವ ಮತದವನೇ ಆಗಲಿ ಅಲ್ಲಿ ತಡೆಯಿಲ್ಲದೆ ಬಂದು ತನ್ನ ಧರ್ಮದಂತೆ ಬಾಳಬಹುದೆಂದು ಹೇಳುತ್ತಾನೆ. ಕರಾವಳಿಯ ಭಟ್ಕಳಕ್ಕೆ ಹೊರ್ಮುಜಿನಿಂದ ಕುದುರೆಗಳು ಬರುತ್ತಿದ್ದುದನ್ನೂ, ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಈ ಗ್ರಂಥದ ಇಟಾಲಿಯನ್ ರೂಪವು 1550ರಲ್ಲಿ ರಾಮುಸಿಯೊ ಎಂಬ ವಿದ್ವಾಂಸನ ಪ್ರವಾಸಸಂಗ್ರಹದಲ್ಲಿ ಅಚ್ಚಾಯಿತು. ಕೃಷ್ಣದೇವರಾಯನ ಕಾಲದ ಕರ್ನಾಟಕವನ್ನು ಅರಿಯಲು ನಮಗೆ ದೊರೆತಿರುವ ಸಾಕ್ಷ್ಯಗಳಲ್ಲಿ ಇದು ಒಂದು.

ಸಾಕ್ಷ್ಯವನ್ನು ತೂಗಿನೋಡುವ ಮುನ್ನ ಸಾಕ್ಷಿ ಯಾರೆಂದು ತಿಳಿಯಬೇಕಷ್ಟೆ? ಈ ಬಾರ್ಬೋಸನು ಯಾರು?

ಅನೇಕ ಆಕರಗ್ರಂಥಗಳು ಕೊಡುವ ಉತ್ತರ ಹೀಗಿದೆ: ಅವನು 16ನೆಯ ಶತಮಾನದ ಆದಿಯಲ್ಲಿ ಮಲಬಾರಿಗೆ ಬಂದು, ಪೋರ್ಚುಗೀಸರ ಕೋಠಿಯಲ್ಲಿ ಕರಣಿಕನಾಗಿದ್ದು, ಮಲಯಾಳವನ್ನು ಕಲಿತು ಗ್ರಂಥವನ್ನು ಬರೆದನು, ಬಳಿಕ ಯೂರೋಪಿಗೆ ಹಿಂದಿರುಗಿ, ತನ್ನ ಭಾವನಾದ ಮೆಗಲನ್ನನ ನೌಕಾದಳವನ್ನು ಸೇರಿದನು. ಭೂಪ್ರದಕ್ಷಿಣೆಯನ್ನು ಮೊತ್ತಮೊದಲು ಸಾಧಿಸಿದ ಆ ಯಾತ್ರೆಯ ಐದು ಹಡಗುಗಳು 1519ರ ಸೆಪ್ಟೆಂಬರ್ 20ರಂದು ಸ್ಪೇನಿನಿಂದ ಹೊರಟವು. 1521ರ ಏಪ್ರಿಲ್ 27ರಂದು ಮೆಗಲನ್ನನು ಫಿಲಿಪೀನ್ಸಿನ ಮಕ್ತಾನ್ ದ್ವೀಪದ ಕಾಳಗದಲ್ಲಿ ಮಡಿದನು. ನಾಲ್ಕು ದಿನಗಳ ತರುವಾಯ, ಮೇ 1ರಂದು, ಸೆಬು ದ್ವೀಪದ ಅರಸನು ಏರ್ಪಡಿಸಿದ ಔತಣದಲ್ಲಿ ದುವಾರ್ತೆ ಬಾರ್ಬೋಸನೂ ಅವನ ಸಂಗಡಿಗರೂ ಹತರಾದರು.

ಕಥೆ ಸೊಗಸಾಗಿದೆ. ಹಂಪಿಯ ವೈಭವವನ್ನು ಬಣ್ಣಿಸಿದ ಲೇಖನಿಯೇ ಭೂಮಿಯನ್ನು ಸುತ್ತಲು ಹೊರಟು ಶಾಂತಸಾಗರದ ಆಚೆಯ ದಡದಲ್ಲಿ ಕೊನೆಗೊಂಡಿತೆಂದರೆ ಯಾರ ಮನಸ್ಸು ತಾನೇ ಸೋಲದು? ಆದರೆ ಈ ಕಥೆಗೆ ಆಧಾರವಾಗಿರುವುದು ಮುಖ್ಯವಾಗಿ ಹೆಸರಿನ ಸಾಮ್ಯ. ಆ ಆಧಾರ ಎಷ್ಟು ಗಟ್ಟಿ ಎಂಬುದನ್ನು ನಾವು ಲೆಕ್ಕ ಹಾಕಿ ನೋಡಬಹುದು.

ಹೆಸರುಗಳ ಗಣಿತ

ಮೊದಲು ಪೋರ್ಚುಗೀಸರ ನಾಮಪದ್ಧತಿಯನ್ನು ಗಮನಿಸೋಣ. ವ್ಯಕ್ತಿನಾಮಗಳು ಬಹುಮಟ್ಟಿಗೆ ಸಂತರ ಮತ್ತು ಅರಸರ ಹೆಸರುಗಳು: ಜುವಾಂವ್, ಪೆದ್ರು, ಫ್ರಾನ್ಸಿಸ್ಕು, ದುವಾರ್ತೆ ಮುಂತಾದವು. ಕುಲನಾಮಗಳಲ್ಲಿ ಅನೇಕವು ತಂದೆಯ ಹೆಸರಿನಿಂದ ಹುಟ್ಟಿದವು. ರೊದ್ರಿಗುವಿನ ಮಗ ರೊದ್ರಿಗೆಸ್, ಫೆರ್ನಾಂದುವಿನ ಮಗ ಫೆರ್ನಾಂದೆಸ್, ನೂನುವಿನ ಮಗ ನೂನೆಸ್. ಹೀಗೆ ಹುಟ್ಟಿದ ಹೆಸರುಗಳು ಕಾಲಾಂತರದಲ್ಲಿ ವಂಶಕ್ಕೆ ಅಂಟಿ ಸ್ಥಿರವಾದವು. ನಮ್ಮ ಮಂಗಳೂರು, ಉತ್ತರ ಕನ್ನಡಗಳ ಕ್ರೈಸ್ತ ಮನೆತನಗಳಲ್ಲಿ ಇಂದಿಗೂ ಕೇಳಿಬರುವ ರೊಡ್ರಿಗಸ್, ಫೆರ್ನಾಂಡಿಸ್ ಎಂಬ ಹೆಸರುಗಳು ಇವೇ. ಇನ್ನು ಕೆಲವು ಕುಲನಾಮಗಳು ಸ್ಥಳದಿಂದ ಬಂದವು. ಬಾರ್ಬೋಸ ಎಂಬುದು ಆ ವರ್ಗಕ್ಕೆ ಸೇರಿದುದು.

ಈಗ ಒಂದು ಲೆಕ್ಕ. ಒಂದು ಸಮಾಜದಲ್ಲಿ 20 ವ್ಯಕ್ತಿನಾಮಗಳೂ 50 ಕುಲನಾಮಗಳೂ ಸಮವಾಗಿ ಬಳಕೆಯಲ್ಲಿವೆಯೆಂದು ಭಾವಿಸೋಣ. ಆಗ ದೊರೆಯುವ ಜೋಡಿನಾಮಗಳು 20 × 50, ಅಂದರೆ 1000. ಎಷ್ಟು ಜನ ಸೇರಿದರೆ ಅವರಲ್ಲಿ ಯಾರಾದರೂ ಇಬ್ಬರ ಪೂರ್ಣನಾಮ ಒಂದೇ ಆಗಿರುವ ಸಂಭವ ಅರ್ಧವನ್ನು ಮೀರುತ್ತದೆ? ಐನೂರು ಜನ ಬೇಕೆಂದು ಥಟ್ಟನೆ ತೋರಬಹುದು. ಉತ್ತರ 38!

ಇದು ಹೇಗೆಂದು ನೋಡೋಣ. ಮೊದಲನೆಯವನ ಹೆಸರು ಏನಾದರೂ ಆಗಿರಲಿ. ಎರಡನೆಯವನ ಹೆಸರು ಬೇರೆಯಾಗಿರುವ ಸಂಭವ 999/1000. ಮೂರನೆಯವನ ಹೆಸರು ಅವರಿಬ್ಬರದಕ್ಕಿಂತಲೂ ಬೇರೆಯಾಗಿರುವ ಸಂಭವ 998/1000. ಹೀಗೆಯೇ ಮುಂದುವರಿದು 38ನೆಯವನ ಪಾಲಿಗೆ 963/1000 ಬರುತ್ತದೆ. ಈ ಭಿನ್ನರಾಶಿಗಳನ್ನೆಲ್ಲ ಗುಣಿಸಿದರೆ ಲಬ್ಧವು ಅರ್ಧಕ್ಕಿಂತ ತುಸು ಕಡಿಮೆಯಾಗುತ್ತದೆ. ಅಂದರೆ ಎಲ್ಲರ ಹೆಸರೂ ಬೇರೆಬೇರೆಯಾಗಿರುವುದಕ್ಕಿಂತ ಎಲ್ಲಿಯೋ ಒಂದು ಕಡೆ ಇಬ್ಬರು ಸನಾಮರಿರುವ ಸಂಭವವೇ ಹೆಚ್ಚು. ಇದಕ್ಕೆ ಕಾರಣ ಸರಳವಾಗಿದೆ: 38 ಜನರನ್ನು ಇಬ್ಬಿಬ್ಬರಾಗಿ ಜೋಡಿಸಿದರೆ 38 × 37 ÷ 2, ಅಂದರೆ 703 ಜೋಡಿಗಳಾಗುತ್ತವೆ. ಸಂಭವವನ್ನು ಬೆಳೆಸುವುದು ಈ ಜೋಡಿಗಳ ಸಂಖ್ಯೆ. ಜನರು 240 ಆದರೆ ಜೋಡಿಗಳು 28,680 ಆಗಿ, ಸರಾಸರಿಯಲ್ಲಿ 28 ಅಥವಾ 29 ಸನಾಮ ಜೋಡಿಗಳನ್ನು ನಿರೀಕ್ಷಿಸಬೇಕಾಗುತ್ತದೆ.

ಈ 20, 50 ಎಂಬ ಅಂಕಿಗಳು ಉದಾಹರಣೆಗಾಗಿ ಆರಿಸಿಕೊಂಡವು. ವಾಸ್ತವದಲ್ಲಿ ಹೆಸರುಗಳು ಸಮವಾಗಿ ಹಂಚಿಹೋಗಿರುವುದಿಲ್ಲ. ಕೆಲವು ಬಹು ಜನಪ್ರಿಯ, ಕೆಲವು ವಿರಳ. ಈ ಅಸಮತೆಯು ಸನಾಮರ ಸಂಭವವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಮೇಲಾಗಿ, ಒಂದೇ ಕುಲದವರು ಒಂದೇ ವೃತ್ತಿಯಲ್ಲಿ ತೊಡಗಿದಾಗ ಅದು ಮತ್ತಷ್ಟು ಏರುತ್ತದೆ. ಮೆಗಲನ್ನನ ಮಾವ ದಿಯೊಗು ಬಾರ್ಬೋಸನು 1501ರಲ್ಲಿ ಭಾರತಕ್ಕೆ ಹೊರಟ ನೌಕಾದಳದಲ್ಲಿದ್ದನು. ಗೊನ್ಸಾಲು ಜಿಲ್ ಬಾರ್ಬೋಸ ಎಂಬ ಇನ್ನೊಬ್ಬನು ಕೊಚ್ಚಿಯ ಕೋಠಿಯ ಅಧಿಕಾರಿಯಾಗಿದ್ದನು. ಬಾರ್ಬೋಸರು ಹೀಗೆ ಹಲವರಿರುವಾಗ ಅವರಲ್ಲಿ ಇಬ್ಬರು ದುವಾರ್ತೆಗಳಿದ್ದರೆ ಆಶ್ಚರ್ಯವೇನು?

ಇನ್ನೆರಡು ನಿದರ್ಶನಗಳು

ಇಂತಹ ಸಾಮ್ಯವು ಅಪೂರ್ವವಲ್ಲ. ವಾಸ್ಕೊ ದ ಗಾಮನ ತಂದೆಯ ಹೆಸರು ಎಸ್ತೆವಾಂವ್ ದ ಗಾಮ. 1502ರಲ್ಲಿ ವಾಸ್ಕೊ ಎರಡನೆಯ ಬಾರಿ ಭಾರತಕ್ಕೆ ಹೊರಟಾಗ, ಅವನ ಹಿಂದೆಯೇ ಐದು ಹಡಗುಗಳನ್ನು ನಡೆಸಿ ತಂದ ಅವನ ಸೋದರಬಂಧುವಿನ ಹೆಸರೂ ಎಸ್ತೆವಾಂವ್ ದ ಗಾಮ. 1540ರಿಂದ 1542ರವರೆಗೆ ಗೋವೆಯಲ್ಲಿದ್ದು ಪೋರ್ಚುಗೀಸ್ ಭಾರತವನ್ನು ಆಳಿದ, 1541ರಲ್ಲಿ ಕೆಂಪುಸಮುದ್ರದಲ್ಲಿ ಸುಯೆಜ್‌ವರೆಗೆ ದಂಡೆತ್ತಿ ಹೋದ ಎಸ್ತೆವಾಂವ್ ದ ಗಾಮನು ವಾಸ್ಕೊವಿನ ಮಗ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿಯಂತೆ ಅವರಲ್ಲಿಯೂ ಇದ್ದಿತು. ಇಲ್ಲಿ ತಲೆಮಾರುಗಳ ಅಂತರ ನಮಗೆ ನೆರವಾಗುತ್ತದೆ.

ಸನಾಮರು ಸಮಕಾಲೀನರೂ ಸಹೋದ್ಯೋಗಿಗಳೂ ಆದಾಗ ತೊಡಕು ಹೆಚ್ಚು. 17ನೆಯ ಶತಮಾನದ ಆದಿಯಲ್ಲಿ ಜಪಾನಿನ ಜೆಸುಯಿಟ್ ಪಾದ್ರಿಗಳಲ್ಲಿ ಇಬ್ಬರು ಜುವಾಂವ್ ರೊದ್ರಿಗೆಸರಿದ್ದರು. ಒಬ್ಬನು ಜಪಾನೀ ಭಾಷೆಯಲ್ಲಿ ಪಾರಂಗತನಾಗಿ ಹಿದೆಯೋಷಿಯ ಮುಂದೆ ದುಭಾಷಿಯಾಗಿ ನಿಂತವನು; ಅವನ ಜಪಾನೀ ವ್ಯಾಕರಣವು 1604ರಿಂದ 1608ರ ಅವಧಿಯಲ್ಲಿ ನಾಗಸಾಕಿಯಲ್ಲಿ ಅಚ್ಚಾಯಿತು. ಅವನನ್ನು ಜನರು ‘ದುಭಾಷಿ’ ಎಂಬರ್ಥದ ‘ತ್ಸುಜು’ ಎಂಬ ಉಪನಾಮದಿಂದ ಕರೆದರು. ಇನ್ನೊಬ್ಬನು ‘ಜಿರಾಂವ್’ ಎಂಬ ಹೆಚ್ಚಿನ ಹೆಸರಿನಿಂದ ಪ್ರಸಿದ್ಧನಾದನು. ಸಮಕಾಲೀನರೇ ಹೀಗೆ ಎಚ್ಚರ ವಹಿಸಿದುದರಿಂದ ವ್ಯಾಕರಣದ ಕೀರ್ತಿ ಸಲ್ಲಬೇಕಾದವನಿಗೆ ಸಂದಿತು. ನಾವು ಇಮ್ಮಡಿ ಪುಲಕೇಶಿ ಎಂದೂ ಎರಡನೆಯ ನಾಗವರ್ಮ ಎಂದೂ ಹೇಳುವಾಗ ಮಾಡುವುದು ಇದನ್ನೇ. ಬಾರ್ಬೋಸರಿಗೆ ಅಂತಹ ಉಪನಾಮದ ಭಾಗ್ಯವಿರಲಿಲ್ಲ.

ಬೇರ್ಪಡಿಸುವ ಬಗೆ

ಹಾಗಾದರೆ ಅವರನ್ನು ಬೇರ್ಪಡಿಸುವುದು ಹೇಗೆ? ಭೌತಶಾಸ್ತ್ರದ ವಿದ್ಯಾರ್ಥಿಗೆ ಚಿರಪರಿಚಿತವಾದ ಒಂದು ನಿಯಮವು ಇಲ್ಲಿ ಸಾಕು. ಒಂದು ಕಾಯವು ಒಂದೇ ಕ್ಷಣದಲ್ಲಿ ಎರಡು ಸ್ಥಳಗಳಲ್ಲಿ ಇರಲಾರದು. ಒಂದು ಸ್ಥಳದಿಂದ ಮತ್ತೊಂದಕ್ಕೆ ಹೋಗಲು ಅದಕ್ಕೆ ಕಾಲ ಬೇಕು. ಸ್ಥಾನವನ್ನು ಕಾಲದೆದುರು ನಕ್ಷೆಯಲ್ಲಿ ಗುರುತಿಸಿದರೆ ಕಾಯದ ಪಥವು ಎಲ್ಲಿಯೂ ಕಡಿಯದ ರೇಖೆಯಾಗಿರುತ್ತದೆ. ಒಂದು ಹೆಸರಿನ ಕೆಳಗೆ ದೊರೆತ ಎಲ್ಲ ದಾಖಲೆಗಳನ್ನೂ ಸ್ಥಳ ಮತ್ತು ದಿನಾಂಕಗಳೊಡನೆ ಹೀಗೆ ಗುರುತಿಸಬೇಕು. ಎಲ್ಲ ಬಿಂದುಗಳ ಮೂಲಕ ಒಂದೇ ರೇಖೆಯನ್ನು ಎಳೆಯಲು ಸಾಧ್ಯವಾಗದಿದ್ದರೆ ಅಲ್ಲಿ ಒಬ್ಬನಿಗಿಂತ ಹೆಚ್ಚು ಜನರಿದ್ದಾರೆ.

ಇದನ್ನು ಬಾರ್ಬೋಸನಿಗೆ ಅನ್ವಯಿಸೋಣ. 1513ರಲ್ಲಿ ದುವಾರ್ತೆ ಬಾರ್ಬೋಸನು ಕಣ್ಣೂರಿನಿಂದ ಪೋರ್ಚುಗಲ್ಲಿನ ಅರಸನಾದ ಮನುವೆಲ್ಲನಿಗೆ ಪತ್ರ ಬರೆದಿದ್ದಾನೆ. ಸುಮಾರು 1516ರಲ್ಲಿ ಗ್ರಂಥ ಪೂರ್ಣವಾಯಿತು. 1519ರಲ್ಲಿ ಒಬ್ಬ ದುವಾರ್ತೆ ಬಾರ್ಬೋಸನು ಸ್ಪೇನಿನಲ್ಲಿದ್ದಾನೆ. ಭಾರತದಿಂದ ಯೂರೋಪಿಗೆ ಅಂದಿನ ಹಡಗುಗಳಲ್ಲಿ ಒಂದು ವರ್ಷದೊಳಗೆ ಹೋಗಬಹುದಾಗಿದ್ದಿತು. ಆದುದರಿಂದ ಈ ಮೂರು ಬಿಂದುಗಳನ್ನು ಒಂದೇ ರೇಖೆ ಧಾರಾಳವಾಗಿ ಹಾದುಹೋಗುತ್ತದೆ. ಹಿಂದಿನ ಲೇಖಕರು ಇಬ್ಬರನ್ನೂ ಒಬ್ಬನೆಂದು ಬಗೆಯಲು ಇದೇ ಎಡೆಕೊಟ್ಟಿತು.

ನಿರ್ಣಾಯಕವಾದ ಬಿಂದುಗಳು 1521ರ ಮುಂದೆ ಇವೆ. ಸೆಬುವಿನ ಬಾರ್ಬೋಸನು ಸತ್ತ ತರುವಾಯದ ವರ್ಷಗಳಲ್ಲಿಯೂ ಕಣ್ಣೂರಿನ ಕೋಠಿಯಲ್ಲಿ ದುವಾರ್ತೆ ಬಾರ್ಬೋಸ ಎಂಬ ಕರಣಿಕನು ಬರೆಯುತ್ತಲೂ ಮಾತುಕತೆಗಳಲ್ಲಿ ದುಭಾಷಿಯಾಗಿ ಭಾಗವಹಿಸುತ್ತಲೂ ಇದ್ದನು. ಅವನ ಮಲಯಾಳ ಪಾಂಡಿತ್ಯವನ್ನು ಅದೇ ಶತಮಾನದ ಚರಿತ್ರಕಾರನಾದ ಗಾಸ್ಪರ್ ಕೊರೇಯನು ಕೊಂಡಾಡಿದ್ದಾನೆ. ಸತ್ತವನು ಪತ್ರವ್ಯವಹಾರ ನಡೆಸಲಾರನು. ಊರು, ಉದ್ಯೋಗ, ಭಾಷಾಜ್ಞಾನ ಈ ಮೂರೂ ಗ್ರಂಥಕರ್ತನೊಡನೆ ಹೊಂದುವುದು ಈ ಕಣ್ಣೂರಿನವನಲ್ಲಿಯೇ. ಆದುದರಿಂದ 20ನೆಯ ಶತಮಾನದ ಸಂಶೋಧಕರು ಕಣ್ಣೂರಿನ ಗ್ರಂಥಕರ್ತನು ಬೇರೆ, ಮೆಗಲನ್ನನ ಮೈದುನನು ಬೇರೆ ಎಂಬ ತೀರ್ಮಾನಕ್ಕೆ ಬಂದರು. ಆದರೂ ಹಳೆಯ ಕಥೆ ಗ್ರಂಥದಿಂದ ಗ್ರಂಥಕ್ಕೆ ಇಂದಿಗೂ ನಕಲಾಗುತ್ತಿದೆ.

ಈ ವಿಧಾನದ ಮಿತಿಯನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಬಿಂದುಗಳು ಒಂದೇ ರೇಖೆಗೆ ಹೊಂದದಿದ್ದರೆ ಇಬ್ಬರಿದ್ದರೆಂದು ಸಿದ್ಧವಾಗುತ್ತದೆ. ಹೊಂದಿದ ಮಾತ್ರಕ್ಕೆ ಒಬ್ಬನೇ ಎಂದು ಸಿದ್ಧವಾಗುವುದಿಲ್ಲ. ಕಣ್ಣೂರಿನ ಆ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದ್ದರೆ ಇಬ್ಬರು ಬಾರ್ಬೋಸರು ಎಂದೆಂದಿಗೂ ಒಬ್ಬನಾಗಿಯೇ ಉಳಿಯುತ್ತಿದ್ದರೇನೊ! ವಿಜ್ಞಾನದಲ್ಲಿಯೂ ಹೀಗೆಯೇ: ಹಳೆಯ ಅವಲೋಕನಗಳಿಗೆಲ್ಲ ಹೊಂದುವ ಊಹೆಯನ್ನು ಹೊಸ ಅವಲೋಕನವೊಂದು ಮುರಿಯಬಹುದು.

ಇದರಿಂದ ನಮಗೇನು?

ಸತ್ತು ಐದು ಶತಮಾನಗಳಾದ ಇಬ್ಬರನ್ನು ಬೇರ್ಪಡಿಸುವುದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಕೆಲವು ವರ್ಷ ಮಲಬಾರಿನಲ್ಲಿದ್ದು ಸಾಹಸಕ್ಕಾಗಿ ಹೊರಟುಹೋದವನ ಮಾತಿಗೂ, ಆ ನೆಲದಲ್ಲಿಯೇ ದಶಕಗಳ ಕಾಲ ನೆಲಸಿ ಅಲ್ಲಿಯ ಜನರ ನುಡಿಯನ್ನು ತನ್ನದಾಗಿಸಿಕೊಂಡವನ ಮಾತಿಗೂ ತೂಕದಲ್ಲಿ ವ್ಯತ್ಯಾಸವಿದೆ. ಹಂಪಿ, ಭಟ್ಕಳಗಳ ಬಗೆಗೆ ನಾವು ನಂಬುವ ಸಂಗತಿಗಳ ಮೌಲ್ಯವು ಇದನ್ನು ಅವಲಂಬಿಸಿದೆ. ಅಷ್ಟೇ ಅಲ್ಲದೆ, ತಪ್ಪು ಕಥೆಯು ಇಬ್ಬರಿಗೂ ಅನ್ಯಾಯ ಮಾಡುತ್ತದೆ: ಒಬ್ಬನಿಗೆ ಅವನು ಬರೆಯದ ಗ್ರಂಥವನ್ನು ಕೊಟ್ಟು, ಮತ್ತೊಬ್ಬನಿಂದ ಬಾಳಿನ ಉತ್ತರಾರ್ಧವನ್ನೇ ಕಸಿದುಕೊಳ್ಳುತ್ತದೆ.

ಇಂದಿನ ವಿಜ್ಞಾನಿಗಳಿಗೂ ಈ ಸಮಸ್ಯೆ ತಪ್ಪಿಲ್ಲ. ಒಂದೇ ಹೆಸರಿನ ಹಲವರು ಸಂಶೋಧನ ಲೇಖನಗಳನ್ನು ಪ್ರಕಟಿಸುವಾಗ ಯಾರ ಕೆಲಸ ಯಾರದೆಂದು ತಿಳಿಯುವುದು ಕಷ್ಟ. ಇದರ ಪರಿಹಾರಕ್ಕಾಗಿ 2012ರಲ್ಲಿ ‘ಆರ್ಕಿಡ್’ ಎಂಬ ವ್ಯವಸ್ಥೆ ಆರಂಭವಾಯಿತು. ಸಂಶೋಧಕನೊಬ್ಬನು ನೋಂದಾಯಿಸಿಕೊಂಡರೆ ಅವನಿಗೆ 16 ಸ್ಥಾನಗಳ ಒಂದು ಗುರುತುಸಂಖ್ಯೆ ದೊರೆಯುತ್ತದೆ. ಅದರ ಕೊನೆಯ ಸ್ಥಾನವನ್ನು ಮೊದಲ 15 ಅಂಕಿಗಳಿಂದ ಒಂದು ನಿಯಮದಂತೆ ಲೆಕ್ಕಹಾಕಿ ಇಡಲಾಗುತ್ತದೆ. ಬರೆಯುವಾಗ ಒಂದು ಅಂಕಿ ತಪ್ಪಿದರೆ ಲೆಕ್ಕ ಹೊಂದದೆ ತಪ್ಪು ಕೂಡಲೇ ಬಯಲಾಗುತ್ತದೆ. ಹೆಸರಿಗೆ ಇಲ್ಲದ ಗುಣವಿದು: ಒಂದಂಕಿ ತಪ್ಪಿದ ಸಂಖ್ಯೆಯು ತಪ್ಪೆಂದು ತಾನೇ ಸಾರುತ್ತದೆ, ಬೇರೊಬ್ಬನಿಗೆ ಅಂಟಿಕೊಂಡ ಹೆಸರು ಸುಮ್ಮನಿರುತ್ತದೆ.

ಆದರೆ ಗತಿಸಿದವರಿಗೆ ಇಂತಹ ಸಂಖ್ಯೆಯನ್ನು ಅವರ ಕಾಲದ ಕಾಗದಗಳ ಮೇಲೆ ಇನ್ನು ಬರೆಯುವಂತಿಲ್ಲ. ಅವರನ್ನು ಗುರುತಿಸಲು ಊರು, ದಿನಾಂಕ, ವೃತ್ತಿಗಳೇ ಗತಿ. ಆದುದರಿಂದ ವಿದ್ಯಾರ್ಥಿಗಳು ತಮ್ಮ ಪ್ರಯೋಗದ ಪುಸ್ತಕದಲ್ಲಾಗಲಿ, ಊರ ಚರಿತ್ರೆಯ ಟಿಪ್ಪಣಿಯಲ್ಲಾಗಲಿ ಒಂದು ಹೆಸರನ್ನು ಬರೆಯುವಾಗ ಅದರ ಪಕ್ಕದಲ್ಲಿ ಸ್ಥಳವನ್ನೂ ಇಸವಿಯನ್ನೂ ತಪ್ಪದೆ ಬರೆಯುವ ರೂಢಿಯನ್ನು ಬೆಳೆಸಿಕೊಳ್ಳಬೇಕು. ಕಣ್ಣೂರಿನ ಕರಣಿಕನಿಗೆ ಅವನ ಗ್ರಂಥ ಮರಳಿ ದೊರೆತುದು ಯಾರೋ ಅಂದು ಹಾಗೆ ಬರೆದಿಟ್ಟುದರಿಂದಲೇ.