ಅಂಕಪಟ್ಟಿಯ ಪದಚ್ಛೇದ

ಹಳಗನ್ನಡ ಪದ್ಯವನ್ನು ಪಾಠ ಹೇಳುವಾಗ ನಾವು ಮೊದಲು ಮಾಡುವ ಕೆಲಸ ಪದಚ್ಛೇದ. ಬಿಡಿಸಬಾರದ ಕಡೆ ಬಿಡಿಸಿದರೆ ಅರ್ಥವೇ ಕೆಟ್ಟುಹೋಗುತ್ತದೆ. ಗಣಕಯಂತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಶಾಲೆಯ ಅಂಕಗಳನ್ನು ಗಣಕದಲ್ಲಿ ಸಾಲುಸಾಲಾಗಿ ಬರೆದಿಡುವುದುಂಟು. ಪ್ರತಿ ಸಾಲಿನಲ್ಲಿಯೂ ತರಗತಿ, ಹೆಸರು, ವಿಷಯ, ಅಂಕ ಎಂಬ ನಾಲ್ಕು ಅಂಗಗಳು. ಅವುಗಳ ನಡುವೆ ‘ಟ್ಯಾಬ್’ ಎಂಬ, ಕಣ್ಣಿಗೆ ಬರಿಯ ತೆರಪಾಗಿ ಕಾಣುವ ಗುರುತು. ಸಾಧಾರಣ ತೆರಪು ಹೆಸರಿನೊಳಗೂ ಬರುತ್ತದೆ. ಟ್ಯಾಬ್ ಹಾಗೆ ಬರುವುದು ವಿರಳ. ಆದ್ದರಿಂದಲೇ ಬಿಡಿಸುವ ಗುರುತಾಗಿ ಅದನ್ನು ಆರಿಸಿಕೊಂಡದ್ದು.

ಈ ಸಾಲುಗಳನ್ನು ಬಿಡಿಸಲು ‘ಪರ್ಲ್’ ಎಂಬ ಗಣಕಭಾಷೆ ಚೆನ್ನಾಗಿ ಒದಗುತ್ತದೆ. 1987ರಲ್ಲಿ ಇದನ್ನು ಹೊರತಂದ ಅಮೆರಿಕದ ಲ್ಯಾರಿ ವಾಲ್ ಅವರು ಭಾಷಾಶಾಸ್ತ್ರವನ್ನು ಓದಿದವರು. ಮೊದಲು ‘ಚಾಂಪ್’ ಎಂಬ ಆಜ್ಞೆಯಿಂದ ಸಾಲಿನ ಕೊನೆಯ ಗುರುತನ್ನು ತೆಗೆಯಬೇಕು. ಇಲ್ಲವಾದರೆ ಅದು ಅಂಕಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ‘ಸ್ಪ್ಲಿಟ್’ ಎಂಬ ಆಜ್ಞೆ ಟ್ಯಾಬ್ ಇರುವೆಡೆಗಳಲ್ಲಿ ಸಾಲನ್ನು ಬಿಡಿಸುತ್ತದೆ. ಪರೀಕ್ಷೆಗೆ ಬಾರದ ಮಗುವಿನ ಅಂಕದ ಜಾಗ ಬರಿದಾಗಿರುತ್ತದಷ್ಟೆ. ಕೊನೆಯಲ್ಲಿರುವ ಬರಿದಾದ ಅಂಗವನ್ನು ಸ್ಪ್ಲಿಟ್ ಕೈಬಿಟ್ಟುಬಿಡುತ್ತದೆ. ಉಳಿಯಬೇಕಾದರೆ ಆಜ್ಞೆಯ ತುದಿಗೆ ಋಣ ಒಂದು ಎಂಬ ಸಂಖ್ಯೆಯನ್ನು ಸೇರಿಸಬೇಕು.

ಬಿಡಿಸಿದ್ದನ್ನು ಇಡುವುದೆಲ್ಲಿ? ಅಮರಕೋಶವನ್ನು ನೆನೆಯಿರಿ: ಕಾಂಡದೊಳಗೆ ವರ್ಗ, ವರ್ಗದೊಳಗೆ ಪದ. ಪರ್ಲಿನ ‘ಹ್ಯಾಶ್’ ಕೂಡ ಒಂದು ಕೋಶವೇ. ಕೀಲಿಯನ್ನು ಕೊಟ್ಟರೆ ಅದಕ್ಕೆ ಸೇರಿದ ಬೆಲೆ ಕೈಗೆ ಸಿಗುತ್ತದೆ. ಬೆಲೆಯ ಜಾಗದಲ್ಲಿ ಮತ್ತೊಂದು ಹ್ಯಾಶಿನ ವಿಳಾಸವನ್ನಿಟ್ಟರೆ ಕೋಶದೊಳಗೆ ಕೋಶವಾಯಿತು. ತರಗತಿಯೊಳಗೆ ಹೆಸರು, ಹೆಸರಿನೊಳಗೆ ವಿಷಯ, ವಿಷಯಕ್ಕೆ ಅಂಕ. ಒಳಕೋಶಗಳನ್ನು ನಾವು ಮೊದಲೇ ಕಟ್ಟಿಡಬೇಕಾಗಿಲ್ಲ. ಅಂಕವನ್ನು ಇಡುವ ಹೊತ್ತಿಗೆ ಪರ್ಲ್ ತಾನೇ ಕಟ್ಟಿಕೊಳ್ಳುತ್ತದೆ.

ಇಷ್ಟೆಲ್ಲ ತಿಳಿದೂ ನಾನು ಒಮ್ಮೆ ಎಡವಿದೆ. ಒಂಬತ್ತನೆಯ ತರಗತಿಯಲ್ಲಿ ಲಕ್ಷ್ಮಿ ಎಂಬ ಹೆಸರಿನವರು ಇಬ್ಬರಿದ್ದರು. ಹ್ಯಾಶಿನಲ್ಲಿ ಒಂದು ಕೀಲಿಗೆ ಒಂದೇ ಬೆಲೆ. ಎರಡನೆಯದು ಬಂದರೆ ಮೊದಲನೆಯದು ಸದ್ದಿಲ್ಲದೆ ಅಳಿಯುತ್ತದೆ. ಅಚ್ಚಾದ ಪಟ್ಟಿಯಲ್ಲಿ ಲಕ್ಷ್ಮಿ ಒಬ್ಬಳೇ ಇದ್ದಳು, ಗಣಿತದಲ್ಲಿ 35. ಗಣಿತದಲ್ಲಿ 82 ಗಳಿಸಿದ್ದ ಹುಡುಗಿ ಉತ್ತರಪತ್ರಿಕೆಯನ್ನು ಹಿಡಿದು ಬಂದು, “ಮೇಷ್ಟ್ರೇ, ಇದು ನನ್ನ ನಂಬರಲ್ಲ” ಎಂದಾಗ ನಾನು ತಲೆ ತಗ್ಗಿಸಬೇಕಾಯಿತು. ಯಂತ್ರ ಒಂದು ಎಚ್ಚರಿಕೆಯ ಮಾತನ್ನೂ ಆಡಿರಲಿಲ್ಲ. ಸಾಲಿಗೆ ಕ್ರಮಾಂಕವನ್ನು ಸೇರಿಸಿ, ಹೆಸರಿನ ಬದಲು ಅದನ್ನೇ ಕೀಲಿಯಾಗಿಟ್ಟ ಮೇಲೆ ಇಬ್ಬರಿಗೂ ಅವರವರ ಅಂಕ ದೊರೆಯಿತು.

ಹಾಜರಿ ಪುಸ್ತಕದಲ್ಲಿ ಮಕ್ಕಳಿಗೆ ಕ್ರಮಾಂಕ ಹಾಕುವ ಪದ್ಧತಿಯನ್ನು ತಂದ ಹಿರಿಯರಿಗೆ ಗಣಕಯಂತ್ರದ ಪರಿಚಯವಿರಲಿಲ್ಲ. ಒಂದೇ ತರಗತಿಯಲ್ಲಿ ಇಬ್ಬರು ಲಕ್ಷ್ಮಿಯರು ಇರಬಹುದೆಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.