‘ಮುಂದಿನ ಪಿಚ್ಚರ್ ಯಾವಾಗ?’ ಅಪ್ಪು ಅಭಿಮಾನಿಯ ಲೆಕ್ಕದ ವಹಿ

ಸಿನಿಮಾ ಅಭಿಮಾನಿಗೆ ವರ್ಷಕ್ಕೆ ಎರಡೇ ಹಬ್ಬ. ಒಂದು ತನ್ನ ನಟನ ಹುಟ್ಟುಹಬ್ಬ. ಇನ್ನೊಂದು ಆತನ ಪಿಚ್ಚರ್ ತೆರೆಕಾಣುವ ದಿನ. ಇವೆರಡರ ನಡುವಿನ ದಿನಗಳೆಲ್ಲ ಒಂದೇ ಪ್ರಶ್ನೆಯಲ್ಲಿ ಕಳೆಯುತ್ತವೆ: ‘ಯಣ್ಣ, ಮುಂದಿನ ಪಿಚ್ಚರ್ ಯಾವಾಗ ಬರ್ತದ?’

ಯಾದಗಿರಿಯ ಚಹಾದಂಗಡಿಯಾಗಲಿ, ಶಹಾಪುರದ ಪಾನ್ ಅಂಗಡಿಯಾಗಲಿ, ಸುರಪುರದ ಕಟಿಂಗ್ ಅಂಗಡಿಯಾಗಲಿ, ಈ ಪ್ರಶ್ನೆ ಕೇಳದ ಜಾಗವಿಲ್ಲ. ಆದರೆ ಒಬ್ಬ ನಟನ ವಿಷಯದಲ್ಲಿ ಮಾತ್ರ ಇದನ್ನು ಕೇಳುವ ಹಾಗಿಲ್ಲ. ಕೇಳುವ ಹಾಗಿಲ್ಲದಿದ್ದರೂ ಅಭಿಮಾನಿ ತನ್ನ ವಹಿ ಮುಚ್ಚಿಲ್ಲ. ಆ ನಟ ಪುನೀತ್ ರಾಜ್‌ಕುಮಾರ್. ಜನರ ಬಾಯಲ್ಲಿ ‘ಅಪ್ಪು’.

2021ರ ಅಕ್ಟೋಬರ್ 29, ಶುಕ್ರವಾರ. ಅಂದು ಅಣ್ಣ ಶಿವರಾಜ್‌ಕುಮಾರ್ ಅವರ ‘ಭಜರಂಗಿ 2’ ಬಿಡುಗಡೆಯ ದಿನ. ಬೆಳಗಿನ ಆಟಕ್ಕೆ ಪಟಾಕಿ ಹಚ್ಚಿದ ಹುಡುಗರು ಮಧ್ಯಾಹ್ನದ ಹೊತ್ತಿಗೆ ದೀಪ ಹಚ್ಚಿ ನಿಲ್ಲಬೇಕಾಯಿತು. ಬೆಂಗಳೂರಿನಲ್ಲಿ ತಮ್ಮ ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು ಬರೇ 46.

ಬೇಡರ ನಾಡಿನ ನಂಟು

ಈ ಮನೆತನಕ್ಕೂ ನಮ್ಮ ಸೀಮೆಗೂ ಹಳೆಯ ನಂಟೊಂದಿದೆ ಎಂದರೆ ಸುರಪುರದವರು ತಕ್ಷಣ ಒಪ್ಪುತ್ತಾರೆ. 1954ರಲ್ಲಿ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಯಾವುದು? ‘ಬೇಡರ ಕಣ್ಣಪ್ಪ’! ಬೇಡ ದೊರೆಗಳು ಆಳಿದ ಸಂಸ್ಥಾನ ಸುರಪುರ. 1858ರಲ್ಲಿ ಇಂಗ್ಲಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ಊರು. ಆ ಚಿತ್ರ ಬಂದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅಂದರೆ ಇಲ್ಲಿಯ ಜನಕ್ಕೆ ರಾಜ್ಯಕ್ಕಿಂತ ಎರಡು ವರ್ಷ ಮುಂಚೆಯೇ ರಾಜಣ್ಣ ಇದ್ದರು ಎಂದಾಯಿತು.

1988ರಲ್ಲಿ ಅದೇ ಕಥೆ ‘ಶಿವ ಮೆಚ್ಚಿದ ಕಣ್ಣಪ್ಪ’ ಎಂದು ಮತ್ತೆ ಬಂತು. ಶಿವರಾಜ್‌ಕುಮಾರ್ ಕಣ್ಣಪ್ಪ, ಪುನೀತ್ ಬಾಲಕ ಕಣ್ಣಪ್ಪ, ತಂದೆ ರಾಜ್‌ಕುಮಾರ್ ಸಾಕ್ಷಾತ್ ಶಿವ. ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಬೇಡನ ಪಾತ್ರವನ್ನು ಅಪ್ಪ, ಮಕ್ಕಳು ಮೂವರೂ ಮಾಡಿದ ಹಾಗಾಯಿತು. ಈ ಕಣ್ಣಿನ ಮಾತು ಮುಂದೆ ಮತ್ತೆ ಬರುತ್ತದೆ.

ತೊಟ್ಟಿಲಿನಿಂದ ಬಂದ ನಟ

1975ರ ಮಾರ್ಚ್ 17ರಂದು ಮದರಾಸಿನಲ್ಲಿ ಹುಟ್ಟಿದ ಈ ಕೂಸು ಮರುವರ್ಷವೇ ‘ಪ್ರೇಮದ ಕಾಣಿಕೆ’ಯಲ್ಲಿ ತೆರೆಗೆ ಬಂತು. ಆಮೇಲೆ ‘ವಸಂತ ಗೀತ’, ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’, ‘ಭಕ್ತ ಪ್ರಹ್ಲಾದ’. 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ಶ್ರೇಷ್ಠ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಪೈಸೆ ಪೈಸೆ ಕೂಡಿಡುವ ಬಡ ಹುಡುಗ ರಾಮುವಿನ ಕಥೆ ಅದು. ಕೂಡಿಟ್ಟ ದುಡ್ಡಿನಲ್ಲಿ ಕಡೆಗೆ ಪುಸ್ತಕ ಬರಲಿಲ್ಲ, ಮನೆಯವರಿಗೆ ಚಳಿಗೆ ಹೊದೆಯಲು ಕಂಬಳಿ ಬಂತು. ಆ ಕಥೆ ನೋಡಿ ಕಣ್ಣೊರೆಸಿಕೊಂಡವರು ಇಂದು ತಾತಂದಿರಾಗಿದ್ದಾರೆ.

ಆಗ ಯಾದಗಿರಿಗೆ ರೈಲಿತ್ತು. ಶಹಾಪುರ, ಸುರಪುರಕ್ಕೆ ಬಸ್ಸೇ ಗತಿ. ಪಿಚ್ಚರ್ ಎಂದರೆ ತಗಡಿನ ಪೆಟ್ಟಿಗೆಯಲ್ಲಿ ಬರುವ ರೀಲು. ಬೆಂಗಳೂರಿನಲ್ಲಿ ಶತದಿನೋತ್ಸವ ಮುಗಿದ ಮೇಲೂ ಇಲ್ಲಿಯವರು ಗೋಡೆಯ ಪೋಸ್ಟರ್ ನೋಡುತ್ತ ಕಾಯಬೇಕಾಗುತ್ತಿತ್ತು. ಆದ್ದರಿಂದ ಕಾಯುವ ವಿದ್ಯೆ ಈ ಭಾಗದ ಅಭಿಮಾನಿಗೆ ಯಾರೂ ಕಲಿಸಬೇಕಾದ್ದಿಲ್ಲ.

ಬಾಲನಟನಾಗಿ ‘ಪರಶುರಾಮ್’ 1989ರಲ್ಲಿ. ನಾಯಕನಾಗಿ ‘ಅಪ್ಪು’ 2002ರ ಏಪ್ರಿಲ್ 26ರಂದು. ನಡುವೆ ಹದಿಮೂರು ವರ್ಷ! ಅಷ್ಟೂ ವರ್ಷ ಜನ ಆ ಹುಡುಗನನ್ನು ಮರೆಯಲಿಲ್ಲ ಎಂಬುದೇ ದೊಡ್ಡ ಮಾತು.

‘ಅಪ್ಪು’ ಮೊದಲು ಕನ್ನಡದ್ದು

ನಮ್ಮ ಜಿಲ್ಲೆ ತೆಲಂಗಾಣದ ಗಡಿಗೆ ಹತ್ತಿದ್ದು. ಗುರುಮಠಕಲ್ ಕಡೆಯವರಿಗೆ ತೆಲುಗು ಪಿಚ್ಚರ್ ಮನೆಯದೇ ಇದ್ದಂಗ. ‘ಕನ್ನಡದಾಗ ಬರೋವೆಲ್ಲ ರೀಮೇಕ್ ಬಿಡ್ರಿ’ ಎಂಬ ಕಟಕಿ ಇಲ್ಲಿ ಹೊಸದಲ್ಲ. ಅದರಲ್ಲಿ ಸುಳ್ಳೂ ಇಲ್ಲ. ಪುನೀತ್ ಅವರ ‘ಅಜಯ್’ ತೆಲುಗಿನ ‘ಒಕ್ಕಡು’, ‘ಪವರ್’ ತೆಲುಗಿನ ‘ದೂಕುಡು’, ‘ಹುಡುಗರು’ ತಮಿಳಿನ ‘ನಾಡೋಡಿಗಳ್’.

ಆದರೆ ‘ಅಪ್ಪು’ ಮಾತ್ರ ಈ ಕಟಕಿಗೆ ಸರಿಯಾದ ಉತ್ತರ. ಪುರಿ ಜಗನ್ನಾಥ್ ಆ ಕಥೆಯನ್ನು ಮೊದಲು ತೆಗೆದದ್ದು ಕನ್ನಡದಲ್ಲಿ. ಅದೇ ವರ್ಷ ಅದೇ ನಿರ್ದೇಶಕರು ರವಿತೇಜ ಅವರನ್ನು ಹಾಕಿ ತೆಲುಗಿನಲ್ಲಿ ‘ಈಡಿಯಟ್’ ಮಾಡಿದರು. ಮರುವರ್ಷ ತಮಿಳಿನಲ್ಲಿ ‘ದಮ್’ ಆಯಿತು. ಗಡಿ ಭಾಗದ ಚರ್ಚೆಯಲ್ಲಿ ಅಭಿಮಾನಿಯ ಕೈಗೆ ಸಿಕ್ಕ ದೊಡ್ಡ ಆಯುಧ ಇದು!

ಮುಂದೆ ‘ಅಭಿ’, ‘ಆಕಾಶ್’, ‘ಅರಸು’, ‘ಮಿಲನ’, ‘ಜಾಕಿ’. 2017ರ ‘ರಾಜಕುಮಾರ’ ಮನೆಮಂದಿಯನ್ನೆಲ್ಲ ಟಾಕೀಸಿಗೆ ಎಳೆತಂದಿತು. ಆದರೆ ಅಭಿಮಾನಿಯ ವಹಿಯಲ್ಲಿ ಖಾಲಿ ಸಾಲುಗಳೂ ಇವೆ. 2013, 2018, 2020, ಈ ಮೂರು ವರ್ಷ ನಾಯಕನಾಗಿ ಒಂದೂ ಪಿಚ್ಚರ್ ಇಲ್ಲ. 2021ರ ಏಪ್ರಿಲ್ 1ರಂದು ‘ಯುವರತ್ನ’ ಬಂತು. ಕೊರೊನಾದ ಎರಡನೆಯ ಅಲೆಯೂ ಜೊತೆಗೇ ಬಂತು. ಏಪ್ರಿಲ್ 9ಕ್ಕೆ ಚಿತ್ರ ಮೊಬೈಲಿಗೆ ಇಳಿಯಿತು. ‘ಮುಂದಿನದು ಟಾಕೀಸಿನಾಗ ನೋಡೋಣ ಬಿಡು’ ಎಂದು ಸಮಾಧಾನ ಮಾಡಿಕೊಂಡವರು ಎಷ್ಟೋ ಮಂದಿ. ಆ ‘ಮುಂದಿನದು’ ಬಂದಾಗ ನಟನೇ ಇರಲಿಲ್ಲ.

ನಟನಿಲ್ಲದ ಬಿಡುಗಡೆಗಳು

2022ರ ಮಾರ್ಚ್ 17, ಅಪ್ಪು ಹುಟ್ಟುಹಬ್ಬದ ದಿನವೇ ‘ಜೇಮ್ಸ್’ ತೆರೆಕಂಡಿತು. ಮಾತು ಸೇರಿಸುವ ಮೊದಲೇ ಅಪ್ಪು ತೀರಿದ್ದರಿಂದ ತಮ್ಮನ ತುಟಿಗೆ ಅಣ್ಣ ಶಿವಣ್ಣ ದನಿ ಕೊಟ್ಟಿದ್ದರು. ಸೆಪ್ಟೆಂಬರಿನಲ್ಲಿ ‘ಲಕ್ಕಿ ಮ್ಯಾನ್’, ಅಕ್ಟೋಬರ್ 28ಕ್ಕೆ ನಾಡಿನ ಕಾಡುಮೇಡು ತೋರಿಸುವ ‘ಗಂಧದ ಗುಡಿ’. ತಂದೆಯ 150ನೆಯ ಚಿತ್ರದ ಹೆಸರೂ ಅದೇ. ಅಲ್ಲಿಗೆ ವಹಿಯ ಕೊನೆಯ ಸಾಲು ಬರೆದಾಯಿತು.

ಆಮೇಲೆ ಶುರುವಾದದ್ದು ಮರುಬಿಡುಗಡೆ. 2024ರ ಮಾರ್ಚಿನಲ್ಲಿ ‘ಜಾಕಿ’; ಅಪ್ಪುಗೆ ಐವತ್ತು ತುಂಬಬೇಕಿದ್ದ 2025ರ ಮಾರ್ಚಿನಲ್ಲಿ ‘ಅಪ್ಪು’. 2002ರಲ್ಲಿ ಹುಟ್ಟಿಯೇ ಇರದ ಹುಡುಗರು ಶಿಳ್ಳೆ ಹಾಕಿದರು. ಅತ್ತ ಅಣ್ಣ ರಾಘವೇಂದ್ರ ರಾಜ್‌ಕುಮಾರ್ ಅವರ ಮಗ ಯುವ ರಾಜ್‌ಕುಮಾರ್ 2024ರಲ್ಲಿ ‘ಯುವ’, 2025ರಲ್ಲಿ ‘ಎಕ್ಕ’ ಚಿತ್ರಗಳಲ್ಲಿ ಬಂದರು. ‘ಮುಂದಿನ ಪಿಚ್ಚರ್ ಯಾವಾಗ?’ ಎಂಬ ಪ್ರಶ್ನೆ ಆ ಕಡೆ ಹೊರಳಿತು. ಅದು ಸಹಜ. ಆದರೆ ಒಬ್ಬರ ವಹಿಯಲ್ಲಿ ಇನ್ನೊಬ್ಬರ ಲೆಕ್ಕ ಬರೆಯಲು ಬರುವುದಿಲ್ಲ ಎಂಬುದು ಅಂಗಡಿಕಾರರಿಗೆ ಹೇಳಿಕೊಡಬೇಕಾದ ಮಾತಲ್ಲ.

ದವಾಖಾನೆಯಲ್ಲಿ ಅಪ್ಪು

ಹಾಗಾದರೆ ಅಪ್ಪು ಹೆಸರಿನಲ್ಲಿ ಇನ್ನು ಹೊಸದೇನೂ ಇಲ್ಲವೇ? ಇದೆ. ಅದನ್ನು ನೋಡಲು ಟಾಕೀಸಿಗೆ ಹೋಗಬೇಕಾಗಿಲ್ಲ, ಸರ್ಕಾರಿ ದವಾಖಾನೆಗೆ ಹೋಗಬೇಕು.

ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ತಿರುಳು ಸರಳ. ಎದೆನೋವು ಎಂದು ಬಂದವರಿಗೆ ತಾಲೂಕು ಮಟ್ಟದಲ್ಲೇ ಇಸಿಜಿ ತೆಗೆಯುವುದು. ಅದನ್ನು ದೊಡ್ಡ ಆಸ್ಪತ್ರೆಯ ಹೃದಯತಜ್ಞರಿಗೆ ಅಲ್ಲಿಂದಲೇ ಕಳುಹಿಸುವುದು. ಹೃದಯಾಘಾತ ಎಂದು ಖಾತ್ರಿಯಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಟ್ಟು ಮುಂದೆ ಸಾಗಿಸುವುದು. ಹೊರಗೆ ಈ ಒಂದು ಸೂಜಿಗೆ ಸಾವಿರಾರು ರೂಪಾಯಿ.

ನಮ್ಮ ಭಾಗಕ್ಕೆ ಇದರ ಬೆಲೆ ಏನೆಂದು ತಿಳಿಯಲು ಬಸ್ಸಿನಲ್ಲಿ ತಿರುಗುವವರ ಲೆಕ್ಕ ಸಾಕು. ದೊಡ್ಡ ಹೃದ್ರೋಗ ಆಸ್ಪತ್ರೆ ಇರುವುದು ಕಲಬುರಗಿಯಲ್ಲಿ. ಯಾದಗಿರಿಯಿಂದ ಸುಮಾರು 80 ಕಿಲೋಮೀಟರು, ಸುರಪುರದಿಂದ ನೂರರ ಆಸುಪಾಸು. ಎದೆ ಹಿಡಿದ ಮೊದಲ ಗಂಟೆಯೇ ಚಿನ್ನದ ಗಂಟೆ ಎನ್ನುತ್ತಾರೆ ವೈದ್ಯರು. ಆ ಗಂಟೆಯಲ್ಲಿ ಅಷ್ಟು ದೂರ ಹೋಗಿ ಮುಟ್ಟುವುದು ಹೇಗೆ?

ಆದರೆ ಸೂಜಿ ತಾಲೂಕಿಗೆ ಬಂದರೆ ಸಾಲದು, ರೋಗಿ ಸೂಜಿಯ ಹತ್ತಿರ ಬರಬೇಕು. ಗಲ್ಲೆಯ ಮೇಲೆ ಕೂತವರಿಗೆ ಎದೆ ಭಾರವಾಗಿ, ಎಡಗೈ ಜಗ್ಗಿ, ದವಡೆ ನೊಂದು, ತಣ್ಣನೆ ಬೆವರು ಬಂದರೆ ಹೇಳುವ ಮಾತು ಒಂದೇ: ‘ಗ್ಯಾಸ್ ಆಗ್ಯದ, ಒಂದು ಸೋಡಾ ಕುಡಿದ್ರ ಆತು.’ ಈ ಸೋಡಾದಲ್ಲಿಯೇ ಚಿನ್ನದ ಗಂಟೆ ಕರಗಿಹೋಗುತ್ತದೆ. ವ್ಯಾಯಾಮ ಮಾಡಿ ಮೈ ಕಟ್ಟಿಟ್ಟುಕೊಂಡಿದ್ದ 46ರ ಅಪ್ಪುವನ್ನೇ ಬಿಡದ ಕಾಯಿಲೆ ಇದು. ದಿನವಿಡೀ ಕೂತು ಬೀಡಿ, ಗುಟಕಾ ಹಾಕುವವರನ್ನು ಬಿಟ್ಟೀತೇ?

ಇನ್ನು ಕಣ್ಣಿನ ಮಾತು. 2006ರಲ್ಲಿ ರಾಜಣ್ಣ ತೀರಿದಾಗ ಕಣ್ಣು ದಾನ ಮಾಡಿದರು. 2021ರಲ್ಲಿ ಮಗನ ಕಣ್ಣುಗಳೂ ದಾನವಾದವು. ಅವುಗಳಿಂದ ನಾಲ್ಕು ಮಂದಿಗೆ ಬೆಳಕು ಬಂತು. ತೆರೆಯ ಮೇಲಿನ ಕಣ್ಣಪ್ಪ ತೆರೆಯ ಹೊರಗೂ ಕಣ್ಣು ಕೊಟ್ಟ. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಎಂಬುದನ್ನು ಮನೆಯವರು ನೆನಪಿಡಬೇಕು.

ಬರುವ ಮಾರ್ಚ್ 17ಕ್ಕೂ ಕಟೌಟು ನಿಲ್ಲುತ್ತದೆ, ಹಾರ ಬೀಳುತ್ತದೆ, ಹಳೆಯ ಪಿಚ್ಚರಿಗೆ ಹೊಸ ಶಿಳ್ಳೆ ಬೀಳುತ್ತದೆ. ಬೀಳಲಿ, ಪ್ರೀತಿಗೆ ಅಡ್ಡಿಯೇನು? ಅದರ ಜೊತೆಗೆ ಯಾದಗಿರಿ, ಶಹಾಪುರ, ಸುರಪುರದ ಅಭಿಮಾನಿ ಬಳಗದವರು ತಮ್ಮ ಊರಿನ ಸರ್ಕಾರಿ ದವಾಖಾನೆಗೆ ಒಮ್ಮೆ ಹೋಗಿ ಕೇಳಲಿ: ‘ಸಾಹೇಬ್ರ, ಅಪ್ಪು ಸೂಜಿ ಇಲ್ಲಿ ಅದನೋ? ರಾತ್ರಿ ಬಂದ್ರೂ ಸಿಗ್ತದನೋ?’ ಇದೆ ಎಂದರೆ ಅದನ್ನು ಬರೆದು, ಕೆಳಗೆ 108 ಎಂಬ ನಂಬರು ಹಾಕಿ, ಅಂಗಡಿ ಅಂಗಡಿಗೆ ಅಂಟಿಸಲಿ. ಇಲ್ಲ ಎಂದರೆ ಬರುವ ತನಕ ಕೇಳುತ್ತಲೇ ಇರಲಿ. ಹದಿಮೂರು ವರ್ಷ ಒಬ್ಬ ನಾಯಕನಿಗಾಗಿ ಕಾದವರಿಗೆ ಇದೇನು ದೊಡ್ಡ ಕೆಲಸವಲ್ಲ.